ಒಳ್ಳೆಯವರು ಅನ್ನೋ ಪದದ ತೂಕ

ಮಾರ್ಕ 10ನೇ ಅಧ್ಯಾಯ, 17ರಿಂದ 22ನೇ ವಚನ. ಓಡಿ ಬಂದು ಮೊಣಕಾಲೂರಿದ ಆ ಮನುಷ್ಯ ಯೇಸುವನ್ನು 'ಒಳ್ಳೆಯ' ಬೋಧಕ ಅಂತ ಕರೆದ. ದೇವರೊಬ್ಬರೇ ಒಳ್ಳೆಯವರಲ್ವಾ, ನನಗ್ಯಾಕೆ ಆ ಮಾತು ಅಂತ ಕರ್ತನು ಕೇಳಿದರು. ನೋಡಿ, ಯೇಸುವೇ ತಾನು ದೇವರಲ್ಲ ಅಂದುಬಿಟ್ಟ ಅಂತ ಕೆಲವರು ವಾದಿಸ್ತಾರೆ. ನನಗೆ ಹಾಗನಿಸಲ್ಲ. ಆಫೀಸಲ್ಲಿ ಜಗಳ ಆಡದವರನ್ನೆಲ್ಲ ನಾವು 'ತುಂಬಾ ಒಳ್ಳೆಯವರು' ಅಂತೀವಲ್ಲ, ಅಂಥ ಹಗುರ ಮಾತನ್ನು ಅವರು ತಡೆದರು ಅಷ್ಟೇ. ಆಮೇಲೆ ಅವನನ್ನು ನೋಡಿ ಪ್ರೀತಿಸಿದರು. ಇದನ್ನು ಬರೆದದ್ದು ಮಾರ್ಕ ಒಬ್ಬನೇ. ಪ್ರೀತಿಸಿಯೇ, ಎಲ್ಲಾ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅಂದರು. ಹೀಗೆ ಕೇಳೋ ಹಕ್ಕು ದೇವರಿಗಲ್ಲದೆ ಯಾರಿಗಿದೆ? ಅವನು ಮುಖ ಬಾಡಿಸಿಕೊಂಡು ಹೊರಟುಹೋದ. ಯೇಸು ಹಿಂದೆ ಓಡಿ ಹೋಗಿ, 'ಅರ್ಧ ಕೊಟ್ಟರೂ ಸಾಕು' ಅನ್ನಲಿಲ್ಲ.