ಅಳೆಯುವ ಕೈಯನ್ನು ಅಳೆಯುವವರು ಯಾರು?

ಮಾಗಡಿ ಸೀಮೆಯ ಒಂದೂರಿನ ಹಾಲಿನ ಡೈರಿ. ನಾನಾಗ ಹೈಸ್ಕೂಲು. ಬೆಳಗಿನ ಸಾಲಿನಲ್ಲಿ ನಮ್ಮವ್ವ, ಕೈಯಲ್ಲಿ ಎರಡು ಲೀಟರ್ ಹಾಲು. ಡಿಗ್ರಿ ಕಮ್ಮಿ, ನೀರು ಬೆರೆಸಿದೆ ಅಂದರು. 'ಇನ್ನೊಂದ್ ಸಲ ನೋಡ್ರಪ್ಪ, ಈಗ ತಾನೆ ಕರ್ಕೊಂಡು ನೆಟ್ಟಗೆ ತಂದಿವ್ನಿ' ಅಂದಳು ಅವ್ವ. 'ಮೀಟರ್ ಸುಳ್ಳು ಹೇಳ್ತದಾ? ಮುಂದಕ್ಕೆ ನಡಿ.' ಅವ್ವ ನಡೆದಳು. ನಾನು ಇನ್ನೂ ಅಲ್ಲೇ ನಿಂತಿದ್ದೇನೆ.

ಮೀಟರ್ ಮೇಲೆ ನನಗೆ ಸಿಟ್ಟಿಲ್ಲ. ಈ ದೇಶದಲ್ಲಿ ಅನ್ನ ನೀರಿನ ಗುಣವನ್ನು ಬಹುಕಾಲ ಅಳೆದದ್ದು ಹುಟ್ಟು. 1927ರಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ಆ ಕೆರೆಯಿಂದ 108 ಮಡಕೆ ನೀರು ತೆಗೆದು, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ, ಮತ್ತೆ ಕೆರೆಗೇ ಸುರಿದು 'ಶುದ್ಧ' ಮಾಡಿದರು. ಮನುಷ್ಯ ಮುಟ್ಟಿದರೆ ಮೈಲಿಗೆ, ಸಗಣಿ ಸುರಿದರೆ ಮಡಿ! ಲ್ಯಾಕ್ಟೊಮೀಟರಿಗೆ ಈ ಮಡಿ ಗೊತ್ತಿಲ್ಲ. ಕೇರಿಯ ಹಾಲೂ ಗೌಡರ ಕೊಟ್ಟಿಗೆಯ ಹಾಲೂ ಅದಕ್ಕೆ ಒಂದೇ. ಅಷ್ಟರ ಮಟ್ಟಿಗೆ ಅದು ನಮ್ಮ ಗೆಳೆಯ.

ಆದರೆ ಆ ಗೆಳೆಯನ ಮಾತನ್ನು ಓದಿ ಹೇಳುವವರು ಯಾರು? ಆಗ ತಾನೆ ಕರೆದ ಹಾಲು ಬೆಚ್ಚಗಿರುತ್ತದೆ. ಬೆಚ್ಚಗಿನ ಹಾಲಿನಲ್ಲಿ, ನೀರು ಒಂದು ಹನಿ ಬೀಳದಿದ್ದರೂ, ಡಿಗ್ರಿ ಕಮ್ಮಿ ತೋರುತ್ತದೆ. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಲೆಕ್ಕ ಸರಿಪಡಿಸಬೇಕು. ಓದಿ ಇದನ್ನು ತಿಳಿಯಲು ನನಗೆ ವರ್ಷಗಳು ಬೇಕಾದವು. ಅವ್ವನ ಸತ್ಯವೇ ಅವಳ ಮೇಲೆ ಸಾಕ್ಷಿಯಾಗಿತ್ತು! ಮೀಟರ್ ಸುಳ್ಳು ಹೇಳಿರಲಿಲ್ಲ. ಓದಿದವರು ಅರ್ಧ ಓದಿದ್ದರು. ಈಗ ಅನೇಕ ಕಡೆ ಎಲೆಕ್ಟ್ರಾನಿಕ್ ಯಂತ್ರ ಬಂದಿದೆ. ಪ್ರಶ್ನೆ ಹಾಗೇ ಉಳಿದಿದೆ.

2006ರ ಆಹಾರ ಸುರಕ್ಷತೆ ಕಾಯ್ದೆಯ 47ನೇ ಸೆಕ್ಷನ್ ನೋಡಿ. ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು. ಉದ್ದಿಮೆದಾರ ಕೇಳಿದರೆ ಒಂದು ಭಾಗ ಮಾನ್ಯತೆ ಪಡೆದ ಇನ್ನೊಂದು ಪ್ರಯೋಗಾಲಯಕ್ಕೆ ಹೋಗಬೇಕು. ನ್ಯಾಯವೇ. ಅವ್ವ ಕೇಳಿದ್ದೂ ಅದನ್ನೇ ಅಲ್ಲವೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಡೈರಿಗಳ ಹಾಲು ಬೆಂಗಳೂರು ಹಾಲು ಒಕ್ಕೂಟಕ್ಕೆ ಸೇರುತ್ತದೆ. ಹಾಲಿನ ಜೊತೆ ನಮ್ಮ ಹುಡುಗರೂ ಊರು ಬಿಟ್ಟು ಒಂದಲ್ಲ ಒಂದು ಕಾರ್ಖಾನೆ ಸೇರುತ್ತಾರೆ. ಆಹಾರ ತಯಾರಿಸುವ ಕಡೆ ದುಡಿಯುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಅನ್ನುತ್ತವೆ 2011ರ ನಿಯಮಗಳು. ಆಗಲಿ. ಆದರೆ ಮೈಯನ್ನು ಪರೀಕ್ಷಿಸುವವರು ಮಾತನ್ನೂ ಕೇಳಬೇಡವೇ? 'ಈ ಪೈಪು ಸರಿಯಾಗಿ ತೊಳೆದಿಲ್ಲ, ಮಿಷನ್ ನಿಲ್ಸಿ' ಅಂತ ಗುತ್ತಿಗೆ ಕೂಲಿಯವನೊಬ್ಬ ಹೇಳಿದರೆ ನಾಳೆ ಅವನಿಗೆ ಕೆಲಸ ಇರುತ್ತದೆಯೇ? ಇರೋದಿಲ್ಲ ಅನ್ನುವ ಭಯ ಇರುವ ಕಡೆ, ಗೋಡೆ ಮೇಲಿನ 'ಗುಣಮಟ್ಟವೇ ನಮ್ಮ ಧ್ಯೇಯ' ಬರೀ ಬಣ್ಣ.

'ನಿಮ್ಮೋರೂ ನೀರು ಹಾಕ್ತಾರಲ್ಲ?' ಅಂತ ಕೇಳುವವರಿದ್ದಾರೆ. ಹಾಕುವವರುಂಟು, ಎಲ್ಲಾ ಜಾತಿಯಲ್ಲೂ. ಬಡತನ ಅದಕ್ಕೆ ಕಾರಣವಾಗಬಹುದು, ಸಮರ್ಥನೆ ಆಗಲಾರದು. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ರೈತರ ಹಾಲು ಪುಡಿಯಾಗಿ, ಸರ್ಕಾರಿ ಶಾಲೆಯ ಲೋಟಕ್ಕೆ ಬಂತು. ಲೋಟ ಹಿಡಿದದ್ದು ನಮ್ಮ ಕೇರಿಯ ಮಗು ಕೂಡ. ಆ ಮಗುವಿನ ಮುಂದೆ ಹಾಲು ಕರೆದವಳು, ಅಳೆದವನು, ಪೈಪು ತೊಳೆದವನು, ಮಾರಿದವನು ಎಲ್ಲರೂ ಉತ್ತರ ಹೇಳಬೇಕು. ಕೆಳಗಿನವರು ಮಾತ್ರ ಉತ್ತರಿಸುವುದು, ಮೇಲಿನವರು ಮಾತ್ರ ಪ್ರಶ್ನಿಸುವುದು ಗುಣಮಟ್ಟವಲ್ಲ. ಅದು ಹಳೇ ಮಡಿಯೇ, ಹೊಸ ಅಂಗಿ ತೊಟ್ಟಿದೆ. ನಮಗೆ ರಿಯಾಯಿತಿ ಬೇಡ. ಮರುಪರೀಕ್ಷೆ ಬೇಕು.

ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಒಂದು ಲ್ಯಾಕ್ಟೊಮೀಟರ್, ಒಂದು ಥರ್ಮಾಮೀಟರ್ ಇಟ್ಟು ಮಕ್ಕಳಿಗೆ ಓದಲು ಕಲಿಸಿ. ನಾಳೆ ಯಾವುದೋ ಸಾಲಿನಲ್ಲಿ ಒಬ್ಬ ಅವ್ವ 'ಇನ್ನೊಂದ್ ಸಲ ನೋಡ್ರಪ್ಪ' ಅಂದಾಗ, ಪಕ್ಕದಲ್ಲಿ ನಿಂತ ಮಗು ನನ್ನ ಹಾಗೆ ಸುಮ್ಮನಿರಬಾರದು.