ತಾರೀಕಿಲ್ಲದ ಬೆಲೆ

2025ರ ನವೆಂಬರ್ ಮೊದಲ ವಾರ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ರಸ್ತೆಯಲ್ಲೇ ಕೂತಿದ್ದರು. ಟನ್ನಿಗೆ 3,500 ರೂಪಾಯಿ ಕೊಡಬೇಕೆಂಬುದು ಅವರ ಬೇಡಿಕೆ. ಕೊನೆಗೆ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ನಡೆಸಿದ ಸಭೆಯಲ್ಲಿ ಮಾತು 3,300ಕ್ಕೆ ನಿಂತಿತು. ಅದರಲ್ಲಿ 50 ರೂಪಾಯಿಯನ್ನು ಕಾರ್ಖಾನೆಗಳು ಹೆಚ್ಚಿಗೆ ಕೊಡುವುದು, ಇನ್ನೊಂದು 50ನ್ನು ಸರ್ಕಾರವೇ ಹಾಕುವುದು ಎಂದಾಯಿತು. ಆ ವಾರವೆಲ್ಲ ಚಹಾದಂಗಡಿಯಿಂದ ಟಿವಿ ಸ್ಟುಡಿಯೋದವರೆಗೆ ಇದೇ ಲೆಕ್ಕ. ನಾನೂ ಕಬ್ಬು ಬೆಳೆಯುವ ಮನೆಯವನು. ಟನ್ನಿನ ಮೇಲೆ ನೂರು ರೂಪಾಯಿ ಹೆಚ್ಚಾದರೆ ಮನೆಯಲ್ಲಿ ಏನೇನು ಬದಲಾಗುತ್ತದೆ ಎಂದು ಬಲ್ಲೆ. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೂ ಅಷ್ಟು ದಿನಗಳ ಚರ್ಚೆಯಲ್ಲಿ ನಾನು ಕೇಳಲು ಕಾಯುತ್ತಿದ್ದ ಮಾತು ಬರಲೇ ಇಲ್ಲ. ಒಪ್ಪಿದ ಈ ದುಡ್ಡು ರೈತನ ಖಾತೆಗೆ ಯಾವ ದಿನ ಬೀಳಬೇಕು, ಬೀಳದಿದ್ದರೆ ಯಾರು ಹೊಣೆ?

ಹಾಗೆ ನೋಡಿದರೆ ಉತ್ತರ ಕಾನೂನಿನಲ್ಲೇ ಇದೆ, ಅದೂ ಬಹಳ ಹಿಂದಿನಿಂದ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ತಲುಪಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು. ಎರಡೂವರೆ ಎಕರೆಯಲ್ಲಿ ನೂರು ಟನ್ ಬೆಳೆದವನನ್ನೇ ತೆಗೆದುಕೊಳ್ಳಿ. 3,300ರ ದರದಲ್ಲಿ ಅವನಿಗೆ ಬರಬೇಕಾದದ್ದು 3,30,000 ರೂಪಾಯಿ. ಒಂದು ತಿಂಗಳು ತಡವಾದರೆ ಬಡ್ಡಿಯೇ 4,125 ರೂಪಾಯಿ, ಮೂರು ತಿಂಗಳಿಗೆ 12,375. ಅಂದರೆ ಮೂರು ತಿಂಗಳ ತಡವು ಟನ್ನಿಗೆ 120 ರೂಪಾಯಿಗೂ ಮಿಕ್ಕಿ ತಿಂದುಹಾಕುತ್ತದೆ. ಒಂದು ವಾರ ರಸ್ತೆಯಲ್ಲಿ ಮಲಗಿ ಪಡೆದ ನೂರು ರೂಪಾಯಿ, ಯಾರೂ ಗಮನಿಸದ ಹಾಗೆ ಅಲ್ಲೇ ಹೋಗಿಬಿಡುತ್ತದೆ. ಈ ಬಡ್ಡಿಯನ್ನು ಕೈಯಲ್ಲಿ ಎಣಿಸಿಕೊಂಡ ಒಬ್ಬ ರೈತನನ್ನೂ ನಾನು ನಮ್ಮ ಸೀಮೆಯಲ್ಲಿ ಕಂಡಿಲ್ಲ.

ನಮ್ಮೂರು ಘಟಪ್ರಭೆಯ ದಂಡೆಗೆ ಹತ್ತಿರ. ಹೊಲ ನೋಡಿಕೊಳ್ಳುವವನು ತಮ್ಮ. ಮನೆಯ ಲೆಕ್ಕ ಅವನ ಹೆಂಡತಿಯದು. ಕಬ್ಬು ಹೋದ ಮೇಲೆ ಕಾಟಾದಲ್ಲಿ ಕೊಡುವ ತೂಕದ ಚೀಟಿಗಳನ್ನು ಅವಳು ಒಂದು ಹಳೆಯ ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಡುತ್ತಾಳೆ. ನುಣುಪಾದ ತೆಳ್ಳನೆಯ ಕಾಗದ ಅದು. ಮೇಲೆ ಟ್ರ್ಯಾಕ್ಟರ್ ನಂಬರು, ಬಂದ ಹೊತ್ತು, ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ. ಬೇಸಿಗೆಯ ಕಾವಿಗೆ ಆ ಅಕ್ಷರಗಳು ಬೇಗ ಮಾಸುತ್ತವೆ. ಡಿಸೆಂಬರಿನಲ್ಲಿ ಕೊಟ್ಟ ಕಬ್ಬಿನ ಚೀಟಿ ಏಪ್ರಿಲ್ ಹೊತ್ತಿಗೆ ಓದಲು ಬರುವುದಿಲ್ಲ. ಅದಕ್ಕೇ ಅವಳು ಚೀಟಿ ಬಂದ ವಾರವೇ ಪೇಟೆಗೆ ಹೋಗುವವರ ಕೈಲಿ ಕೊಟ್ಟು ಝೆರಾಕ್ಸ್ ಮಾಡಿಸುತ್ತಾಳೆ. ಬಿಲ್ಲು ಬರುವ ಹೊತ್ತಿಗೆ ಚೀಟಿ ಉಳಿದಿರುವುದಿಲ್ಲ ಎಂಬ ಅಂದಾಜಿನ ಮೇಲೆ ಒಂದು ಸಂಸಾರ ತನ್ನ ರೂಢಿಯನ್ನೇ ಕಟ್ಟಿಕೊಂಡಿದೆ. ಅವಳು ಇದನ್ನು ದೂರು ಎಂದು ಹೇಳಿದವಳೂ ಅಲ್ಲ. ಝೆರಾಕ್ಸ್ ಮಾಡಿಸುವುದೂ ಕಳೆ ತೆಗೆಸಿದ ಹಾಗೆ ಒಂದು ಕೆಲಸವಾಗಿಬಿಟ್ಟಿದೆ.

ಒಂದು ವರ್ಷ ತಮ್ಮನ ಜೊತೆ ಕಾರ್ಖಾನೆಯ ಕಚೇರಿಗೆ ಹೋಗಿದ್ದೆ. ಕಿಟಕಿಯ ಆಚೆ ಕೂತಿದ್ದವರು ಮರ್ಯಾದಸ್ಥರೇ, ದನಿ ಏರಿಸಿದವರಲ್ಲ.

"ಬಿಲ್ಲ ಯಾವಾಗ ಆಗತೈತ್ರಿ ಸಾಹೇಬ್ರ?"

"ಸಕ್ಕರಿ ಇನ್ನೂ ಹೋಗಿಲ್ಲರಿ. ಮುಂದಿನ ವಾರ ಒಂದ್ಸಲ ಬಂದ್ ನೋಡ್ರಿ."

ತಮ್ಮ "ಆತ್ರಿ" ಎಂದು ಕೈ ಮುಗಿದು ಹೊರಬಂದ. ನನ್ನ ಮನಸ್ಸಿಗೆ ನಾಟಿದ್ದು ಅವನು ಕೈ ಮುಗಿದದ್ದು. ಕಚೇರಿಯ ಲೆಕ್ಕದಲ್ಲಿ ಆ ಹೊತ್ತು ಅವನು ಸಾಲ ಕೊಟ್ಟವನು, ಕಾರ್ಖಾನೆ ಸಾಲ ಪಡೆದದ್ದು. ಆದರೂ ಅವನೇ ಬೇಡಲು ಬಂದವನ ಹಾಗೆ ನಿಂತಿದ್ದ. ಅಲ್ಲಿಂದ ನೇರ ಗೊಬ್ಬರದ ಅಂಗಡಿಗೆ ಹೋದೆವು. ಕುಳೆ ಕಬ್ಬಿಗೆ ಗೊಬ್ಬರ ಹಾಕಲೇಬೇಕಿತ್ತು. ಡಿಎಪಿ ಚೀಲದ ಮೇಲೆ ಅಚ್ಚಾದ ದರ ಒಂದು, ಉದ್ರಿ ಪುಸ್ತಕದಲ್ಲಿ ಬರೆದ ದರ ಇನ್ನೊಂದು. ಅಂಗಡಿಯವನನ್ನು ಬೈದು ಫಲವಿಲ್ಲ. ಅವನೂ ಮೇಲಿನವರಿಗೆ ದುಡ್ಡು ಕಟ್ಟಬೇಕು, ಕಾಯುವುದಕ್ಕೆ ಬೆಲೆ ಹಾಕುತ್ತಾನೆ. ಕಾದದ್ದಕ್ಕೆ ಏನೂ ಪಡೆಯದವನು ಈ ಸಾಲಿನಲ್ಲಿ ರೈತ ಒಬ್ಬನೇ.

ಇನ್ನೂ ಒಂದು ಗಂಟು ಇದೆ. ನಮ್ಮ ರಾಜ್ಯ ಸರ್ಕಾರ ಸೊಸೈಟಿಗಳ ಮೂಲಕ ಬಡ್ಡಿಯಿಲ್ಲದ ಬೆಳೆಸಾಲ ಕೊಡುತ್ತದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಇದು ದೊಡ್ಡ ನೆರವು, ಅನುಮಾನವಿಲ್ಲ. ಆದರೆ ಅದಕ್ಕೆ ಗಡುವಿದೆ. ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿ ಮನ್ನಾ ತಪ್ಪುತ್ತದೆ, ಪೂರ್ತಿ ಬಡ್ಡಿ ಬೀಳುತ್ತದೆ. ಕಬ್ಬಿನ ಬಿಲ್ಲು ನಂಬಿ ಸಾಲ ತೆಗೆದವನಿಗೆ ಬಿಲ್ಲು ತಡವಾದರೆ ಸೊಸೈಟಿಯ ತಾರೀಕು ಕಾಯುವುದಿಲ್ಲ. ಆಗ ಅವನು ಕೈಸಾಲ ಮಾಡಿ ಸೊಸೈಟಿಗೆ ಕಟ್ಟುತ್ತಾನೆ. ಸರ್ಕಾರ ಒಂದು ಕೈಯಿಂದ ಉಳಿಸಿಕೊಟ್ಟ ಬಡ್ಡಿ ಊರಿನ ಬಡ್ಡಿ ವ್ಯವಹಾರದವರ ಪಾಲಾಗುತ್ತದೆ. ರೈತ ಕೊಡಬೇಕಾದ ಹಣಕ್ಕೆ ತಾರೀಕು ಗಟ್ಟಿ, ಅವನಿಗೆ ಬರಬೇಕಾದ ಹಣಕ್ಕೆ ತಾರೀಕು ಕಾಗದದ ಮೇಲಷ್ಟೇ. ರೈತನಿಗೆ ಯಾವ ಯೋಜನೆ ಬೇಕು ಎಂದು ಯಾರಾದರೂ ಕೇಳಿದರೆ ಈ ಎರಡು ತಾರೀಕುಗಳನ್ನು ಎದುರುಬದುರು ಇಟ್ಟು ನೋಡಿ ಅನ್ನುತ್ತೇನೆ.

ಕಾರ್ಖಾನೆಯವರ ಕಷ್ಟ ಸುಳ್ಳಲ್ಲ. ಕಬ್ಬು ಅರೆಯುವುದು ಹೆಚ್ಚೆಂದರೆ ಐದಾರು ತಿಂಗಳು. ಆ ಸಕ್ಕರೆ ಮಾರಾಟವಾಗುವುದು ವರ್ಷವಿಡೀ, ಅದೂ ಕೇಂದ್ರ ಸರ್ಕಾರ ತಿಂಗಳು ತಿಂಗಳು ನಿಗದಿ ಮಾಡಿದ ಪ್ರಮಾಣದಲ್ಲಿ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರಲ್ಲಿ ಕಿಲೋಗೆ 31 ರೂಪಾಯಿ ಎಂದು ಮಾಡಿದವರು ಆಮೇಲೆ ವರ್ಷಗಟ್ಟಲೆ ಅದನ್ನು ಮುಟ್ಟಲಿಲ್ಲ. ಕೇಂದ್ರವೇ ಕಬ್ಬಿಗೆ ನಿಗದಿ ಮಾಡುವ ನ್ಯಾಯಯುತ ಬೆಲೆ, ಅಂದರೆ ಎಫ್‌ಆರ್‌ಪಿ, ಮಾತ್ರ ಏರುತ್ತಲೇ ಹೋಗಿ 2025-26ಕ್ಕೆ ಕ್ವಿಂಟಲಿಗೆ 355 ರೂಪಾಯಿಗೆ ಬಂತು. ಎಥನಾಲ್ ಮಾಡಿ ಅಂದರು. ಕಾರ್ಖಾನೆಗಳು ಸಾಲ ಮಾಡಿ ಘಟಕ ಹಾಕಿದವು. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ತೆಗೆಯುವುದಕ್ಕೆ ದಿಢೀರನೆ ತಡೆ ಬಿತ್ತು, ಮುಂದಿನ ವರ್ಷ ಸಡಿಲಾಯಿತು. ಹಾಗಾಗಿ ಹಣ ಹೋಗುವ ದಿನಕ್ಕೂ ಬರುವ ದಿನಕ್ಕೂ ನಡುವೆ ಅಂತರ ಇರುವುದು ನಿಜ. ಆ ಅಂತರವನ್ನು ಯಾರಾದರೊಬ್ಬರು ಹೊರಲೇಬೇಕು. ಕಾರ್ಖಾನೆಗೆ ಗೋದಾಮಿನ ಸಕ್ಕರೆ ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತುವ ದಾರಿ ಇದೆ. ರೈತನಲ್ಲಿ ಒತ್ತೆಯಿಡಲು ಏನಿದೆ? ಕಬ್ಬು ಕಡಿದ ದಿನವೇ ಅವನ ಕೈಬಿಟ್ಟಿತು. ಒಂದೆರಡು ದಿನ ಬಿಸಿಲಿಗೆ ಬಿದ್ದರೆ ತೂಕವೂ ಹೋಗುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಕಟಾವಿನ ಟೋಳಿ ಹೊಲಕ್ಕಿಳಿದ ಮೇಲೆ ಅವನಿಗೆ ಚೌಕಾಸಿ ಮಾಡುವ ಶಕ್ತಿ ಉಳಿಯುವುದಿಲ್ಲ. ಹೊರಲಾರದವನ ಹೆಗಲ ಮೇಲೇ ಭಾರ ಬಂದು ಕೂರುತ್ತದೆ.

ಸರ್ಕಾರಗಳು ಸುಮ್ಮನಿದ್ದವು ಎಂದು ಹೇಳಿದರೆ ತಪ್ಪಾಗುತ್ತದೆ. 2015ರಲ್ಲಿ ಬಾಕಿ ಬೆಟ್ಟದಷ್ಟಾದಾಗ ಕೇಂದ್ರ ಸರ್ಕಾರ 6,000 ಕೋಟಿ ರೂಪಾಯಿಯ ಬಡ್ಡಿರಹಿತ ಸಾಲವನ್ನು ಕಾರ್ಖಾನೆಗಳಿಗೆ ಮಂಜೂರು ಮಾಡಿ, ಹಣ ನೇರ ರೈತರ ಖಾತೆಗೆ ಹೋಗಬೇಕೆಂದು ಷರತ್ತು ಹಾಕಿತು. 2018ರಲ್ಲಿ ಅರೆದ ಕಬ್ಬಿಗೆ ಕ್ವಿಂಟಲಿಗೆ 5 ರೂಪಾಯಿ 50 ಪೈಸೆ ನೆರವು ಬಂತು, ಅದೂ ಕಾರ್ಖಾನೆಯ ಪರವಾಗಿ ರೈತನ ಖಾತೆಗೆ. ಇವು ಒಳ್ಳೆಯ ಕೆಲಸಗಳೇ. ಆದರೆ ಎಲ್ಲವೂ ಬಂದದ್ದು ಬಾಕಿ ಬೆಳೆದ ಮೇಲೆ, ಊರುಗಳಲ್ಲಿ ಅನಾಹುತಗಳಾದ ಮೇಲೆ. 2013ರ ನವೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ ಕಬ್ಬಿನ ಬೆಲೆಗಾಗಿ ಧರಣಿಯಲ್ಲಿದ್ದ ರೈತರೊಬ್ಬರು ವಿಷ ಕುಡಿದು ತೀರಿಕೊಂಡರು. 2015ರ ಬೇಸಿಗೆ, ಮಳೆಗಾಲದಲ್ಲಿ ಮಂಡ್ಯದ ಹಳ್ಳಿಗಳಿಂದ ಬಂದ ರೈತರ ಸಾವಿನ ಸುದ್ದಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮತ್ತೊಂದು ನೋವಿನ ಸಂಗತಿ, ರೈತನ ಖಾತೆಗೆ ಹೀಗೆ ಬಂದ ಹಣವನ್ನೆಲ್ಲ ಪತ್ರಿಕೆಗಳೂ ಮಂತ್ರಿಗಳೂ "ರೈತರಿಗೆ ನೆರವು" ಎಂದೇ ಕರೆದದ್ದು. ಅದು ಅವನ ಕಬ್ಬಿನ ದುಡ್ಡು. ತಡವಾಗಿ ಬಂದ ಕೂಲಿಯನ್ನು ಬಹುಮಾನವೆಂದು ಯಾರೂ ಕರೆಯುವುದಿಲ್ಲ.

ಇಷ್ಟಾದರೂ ಕಬ್ಬು ಬಿಡುವುದಿಲ್ಲವೇಕೆ ಎಂದು ನಗರದ ಗೆಳೆಯರು ಕೇಳುತ್ತಾರೆ. ನೀರು ಕುಡಿಯುವ ಬೆಳೆ, ನೆಲ ಕೆಡಿಸುವ ಬೆಳೆ ಎಂಬ ಆಕ್ಷೇಪ ಸರಿಯಾದದ್ದೇ, ನಾನೂ ಒಪ್ಪುತ್ತೇನೆ. ಆದರೆ ಉಳ್ಳಾಗಡ್ಡಿ ಹಾಕಿದವನನ್ನು ನೋಡಿ. ದುಡ್ಡು ಹೆಚ್ಚುಕಡಿಮೆ ಅಂದೇ ಕೈಗೆ ಬರುತ್ತದೆ, ಆದರೆ ಎಷ್ಟು ಬರುತ್ತದೆಂಬುದು ಲಾರಿ ಮಾರುಕಟ್ಟೆಯಲ್ಲಿ ನಿಲ್ಲುವವರೆಗೆ ದೇವರಿಗೂ ಗೊತ್ತಿಲ್ಲ. ಕೆಲವು ವರ್ಷ ಬಾಡಿಗೆಯೂ ಹುಟ್ಟುವುದಿಲ್ಲ. ಕಬ್ಬಿಗೆ ದರ ಗೊತ್ತು, ದಿನ ಗೊತ್ತಿಲ್ಲ. ನಮ್ಮ ಜನ ಈ ಎರಡು ಅನಿಶ್ಚಿತತೆಗಳನ್ನು ತೂಗಿ ನೋಡಿ ಒಂದನ್ನು ಆರಿಸಿಕೊಂಡಿದ್ದಾರೆ. ಅದನ್ನು ದುರಾಸೆ ಎನ್ನುವವರು ಒಂದು ಬೆಳೆ ಬೆಳೆದು ಮಾರಿ ನೋಡಬೇಕು.

ಕಲಬುರಗಿಯ ತೊಗರಿಯದೂ ಇದೇ ಕಥೆಯ ಇನ್ನೊಂದು ಮುಖ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಸರದಿ ಕಾದು, ಮಾಲು ಗೋದಾಮು ಸೇರಿ, ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಹಣದ ಮಾತು. ಅಷ್ಟರಲ್ಲಿ ಸಾಲಗಾರ ಬಾಗಿಲಿಗೆ ಬಂದಿರುತ್ತಾನೆ, ಮಗಳ ಫೀಸಿನ ಕೊನೆಯ ದಿನ ಬಂದಿರುತ್ತದೆ. ಸಣ್ಣ ರೈತ ಕಡಿಮೆ ಬೆಲೆಗೆ ದಲಾಲಿ ಅಂಗಡಿಯಲ್ಲಿ ಸುರಿದು ರೊಕ್ಕ ಎಣಿಸಿಕೊಂಡು ಮನೆಗೆ ಬರುತ್ತಾನೆ. ಕಾಯುವ ತ್ರಾಣ ಇದ್ದವನಿಗೆ ಮಾತ್ರ ಬೆಂಬಲ ಬೆಲೆ ಸಿಗುತ್ತದೆ. ಯಾರಿಗಾಗಿ ಆ ಬೆಲೆ ನಿಗದಿಯಾಯಿತೋ ಅವನಿಗೆ ಅದು ಕೈಗೆಟುಕುವುದಿಲ್ಲ.

ಹಾಲಿನ ಡೇರಿಯನ್ನು ನೋಡಿದಾಗ ಸಮಾಧಾನವಾಗುತ್ತದೆ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ತಿಂಗಳುಗಟ್ಟಲೆ ನಿಲ್ಲುವುದುಂಟು, ನಿಜ. ಆದರೆ ಹಾಲಿನ ಬಟವಾಡೆ ಸಂಘದಲ್ಲಿ ಗೊತ್ತಾದ ದಿನಕ್ಕೆ ಆಗುತ್ತದೆ. ಲೀಟರಿಗೆ ಸಿಗುವ ಬೆಲೆ ಅಷ್ಟೇನೂ ಹೆಚ್ಚಲ್ಲ. ಆದರೂ ಕೋಲಾರ, ಮಂಡ್ಯದ ಹೆಣ್ಣುಮಕ್ಕಳು ಚೀಟಿ ಹಣ ಕಟ್ಟುವುದು, ಮಕ್ಕಳ ಬಸ್ ಪಾಸ್ ಮಾಡಿಸುವುದು ಆ ದಿನವನ್ನು ನಂಬಿ. ದಿನ ಗೊತ್ತಿರುವ ಸಣ್ಣ ಹಣದಿಂದ ಸಂಸಾರ ನಡೆಸಬಹುದು. ದಿನ ಗೊತ್ತಿಲ್ಲದ ದೊಡ್ಡ ಹಣ ಬಂದರೂ ಹಳೆಯ ಬಾಕಿಗೇ ಜಮಾ ಆಗುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಸರ್ಕಾರ ಟನ್ನಿಗೆ 50 ರೂಪಾಯಿ ಹಾಕುವುದಾದರೆ ಹಾಕಲಿ. ಆದರೆ ಅದಕ್ಕಿಂತ ಮೊದಲು ಒಂದು ಆವರ್ತ ನಿಧಿ ಇಟ್ಟು, ಹದಿನೈದನೆಯ ದಿನಕ್ಕೆ ಬಾಕಿ ಉಳಿದ ಬಿಲ್ಲನ್ನು ತಾನೇ ರೈತನಿಗೆ ಕೊಟ್ಟು, ಶೇ. 15ರ ಬಡ್ಡಿಯೊಂದಿಗೆ ಕಾರ್ಖಾನೆಯಿಂದ ವಸೂಲಿ ಮಾಡಲಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ಅಧಿಕಾರ ಸರ್ಕಾರಕ್ಕೆ ಇದೆ, ತಹಶೀಲ್ದಾರರಿದ್ದಾರೆ, ವಕೀಲರಿದ್ದಾರೆ. ತಮ್ಮನ ಬಳಿ ಇರುವುದು ಝೆರಾಕ್ಸ್ ಪ್ರತಿಗಳ ಒಂದು ಫೈಲು. ಹೀಗೆ ಮಾಡಿದರೆ ಕಾರ್ಖಾನೆಗಳು ಸರ್ಕಾರದ ದುಡ್ಡಿನ ಮೇಲೇ ಒರಗಿಬಿಡುತ್ತವೆ ಎಂಬ ಆತಂಕ ನ್ಯಾಯವಾದದ್ದು. ಆ ಬಡ್ಡಿಯನ್ನು ಒಂದು ಪೈಸೆಯೂ ಬಿಡದೆ ವಸೂಲಿ ಮಾಡಿದರೆ, ಹಳೆ ಬಾಕಿ ತೀರಿಸದವರಿಗೆ ಮುಂದಿನ ಹಂಗಾಮಿನಲ್ಲಿ ಅರೆಯಲು ಬಿಡದಿದ್ದರೆ, ಒರಗುವುದು ತಾನಾಗಿ ನಿಲ್ಲುತ್ತದೆ.

ನಿಧಿಗೆ ಹಣ ಹೊಂದಿಸಲು ಸಮಯ ಬೇಕು, ಸಂಪುಟದ ಒಪ್ಪಿಗೆ ಬೇಕು. ಅದಕ್ಕೂ ಮೊದಲು ಬರುವ ಹಂಗಾಮಿನಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಕಾಟಾದ ಚೀಟಿಯಲ್ಲಿ ತೂಕದ ಕೆಳಗೆ ಇನ್ನೊಂದು ಸಾಲು ಅಚ್ಚಾಗಲಿ: ಈ ಕಬ್ಬಿನ ಹಣ ಇಂಥ ತಾರೀಕಿನೊಳಗೆ ಬರಬೇಕು, ಅಂದಿನಿಂದಾಚೆ ದಿನಕ್ಕೆ ಇಷ್ಟು ಬಡ್ಡಿ. ಚೀಟಿ ತಮ್ಮನ ಕೈಯಲ್ಲಿದ್ದರೆ ಅದೇ ಲೆಕ್ಕ ಜಿಲ್ಲಾಧಿಕಾರಿಯ ಕಚೇರಿಯ ಕಂಪ್ಯೂಟರಿನಲ್ಲೂ ಇರಲಿ. ಇದಕ್ಕೆ ಹೊಸ ಕಾನೂನು ಬೇಡ, ದಿನವೂ ಬಡ್ಡಿಯೂ 1966ರ ಆದೇಶದಲ್ಲೇ ನಿಗದಿಯಾಗಿವೆ. ಕಾಗದವನ್ನು ಮಾತ್ರ ಅಕ್ಷರ ಮಾಸದಂಥದ್ದು ಹಾಕಿದರೆ ಸಾಕು.