ಕಳಚಿಬಿದ್ದ ‘ಗಳು’

ಕನ್ನಡದಲ್ಲಿ ಜಗಳ ಶುರುವಾಗಲು ಬೈಗುಳವೇ ಬೇಕಿಲ್ಲ. ಬಸ್ಸಿನಲ್ಲಿ ಪಕ್ಕದವರನ್ನು ‘ನೀನು’ ಎಂದು ನೋಡಿ, ‘ಏಕವಚನದಲ್ಲಿ ಮಾತಾಡಬೇಡಿ’ ಎಂಬ ಎಚ್ಚರಿಕೆ ತಕ್ಷಣ ಬರುತ್ತದೆ. ಸಲಿಗೆಯಿದ್ದಲ್ಲಿ ಏಕವಚನ ಪ್ರೀತಿ, ಇಲ್ಲದಲ್ಲಿ ದರ್ಪ. ಈ ಪಾಠವನ್ನು ಮರೆತ ಒಂದು ದೇಶದ ಕತೆ ನನ್ನನ್ನು ಆಗಾಗ ಕಾಡುತ್ತದೆ.

1940ರ ಮಾರ್ಚ್. ಲಾಹೋರಿನ ಮಿಂಟೋ ಪಾರ್ಕಿನಲ್ಲಿ ಮುಸ್ಲಿಂ ಲೀಗಿನ ಅಧಿವೇಶನ. ಬಂಗಾಳ ಪ್ರಾಂತ್ಯದ ಸರ್ಕಾರ ನಡೆಸುತ್ತಿದ್ದ ಎ.ಕೆ. ಫಜ್ಲುಲ್ ಹಕ್ ಎದ್ದು ನಿರ್ಣಯ ಮಂಡಿಸಿದರು: ವಾಯವ್ಯದಲ್ಲೂ ಪೂರ್ವದಲ್ಲೂ ಮುಸ್ಲಿಮರು ಹೆಚ್ಚಾಗಿರುವ ಸೀಮೆಗಳು ಸ್ವತಂತ್ರ ರಾಜ್ಯಗಳಾಗಬೇಕು. ‘ಪಾಕಿಸ್ತಾನ’ ಎಂಬ ಪದ ಆ ನಿರ್ಣಯದಲ್ಲಿ ಎಲ್ಲೂ ಇಲ್ಲ. ರಾಜ್ಯಗಳು ಎಂಬ ಬಹುವಚನ ಮಾತ್ರ ಇತ್ತು.

ಆ ನಿರ್ಣಯದ ಬೇರು ಹಳೆಯ ದಿಗಿಲೊಂದರಲ್ಲಿತ್ತು. ಬ್ರಿಟಿಷರು ತಲೆಯೆಣಿಕೆಯ ರಾಜಕೀಯ ತಂದಾಗ, ಎಣಿಕೆಯಲ್ಲಿ ಕಡಿಮೆ ಬೀಳುವವರ ಗತಿಯೇನು? 1906ರ ಡಿಸೆಂಬರಿನಲ್ಲಿ ಢಾಕಾದ ಶಾಹ್‌ಬಾಗ್‌ನಲ್ಲಿ, ನವಾಬ್ ಸಲೀಮುಲ್ಲಾರ ತೋಟದಲ್ಲಿ ಲೀಗ್ ಹುಟ್ಟಿದ್ದು ಈ ಪ್ರಶ್ನೆಯಿಂದ. 1909ರಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳು ಬಂದವು. 1916ರಲ್ಲಿ ಲಖನೌದಲ್ಲಿ ಕಾಂಗ್ರೆಸ್ಸೂ ಲೀಗೂ ಕೈಕುಲುಕಿದವು. ಆ ಒಪ್ಪಂದಕ್ಕೆ ದುಡಿದವರಲ್ಲಿ ಜಿನ್ನಾ ಮುಖ್ಯರು. ಆ ಸ್ನೇಹ ಬಾಳಲಿಲ್ಲ. 1937ರ ಚುನಾವಣೆಯಲ್ಲಿ ಮುಸ್ಲಿಂ ಸ್ಥಾನಗಳ ಕಾಲು ಭಾಗವನ್ನೂ ಗೆಲ್ಲಲಾಗದ ಲೀಗ್, ಎಂಟೇ ವರ್ಷದಲ್ಲಿ ಕೇಂದ್ರ ಶಾಸನಸಭೆಯ ಮೂವತ್ತಕ್ಕೆ ಮೂವತ್ತೂ ಮುಸ್ಲಿಂ ಸ್ಥಾನಗಳನ್ನು ಬಾಚಿಕೊಂಡಿತು. ಗೆಳೆತನವೂ ಸೋಲೂ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ದಿಗಿಲು ಮಾತ್ರ ನಿಂತಿತು.

ಗೆಲುವಿನ ಬಿಸಿಯಲ್ಲಿ, 1946ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಲೀಗಿನ ಶಾಸಕರು ಸೇರಿದರು. ಬಂಗಾಳದವರೇ ಆದ ಸುಹ್ರಾವರ್ದಿ ಹೊಸ ನಿರ್ಣಯ ಮಂಡಿಸಿದರು. ಅದರಲ್ಲಿ ‘ರಾಜ್ಯಗಳು’ ಹೋಗಿ ‘ರಾಜ್ಯ’ವಾಗಿತ್ತು. ಬಂಗಾಳದ ಇನ್ನೊಬ್ಬ ನಾಯಕ ಅಬುಲ್ ಹಾಶಿಂ ಆಕ್ಷೇಪ ಎತ್ತಿದಾಗ, ಹಳೆಯ ಬಹುವಚನ ಅಚ್ಚಿನ ತಪ್ಪೆಂದು ಜಿನ್ನಾ ಹೇಳಿದ್ದಾಗಿ ಹಾಶಿಂ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹೀಗೆ ಒಂದು ‘ಗಳು’ ಕಳಚಿಬಿತ್ತು.

ಮರುವರ್ಷ ಗೆರೆ ಎಳೆದರು. ಕೋಟಿಗೂ ಮಿಕ್ಕ ಜನ ಮನೆ ಬಿಟ್ಟರು, ಲಕ್ಷಗಟ್ಟಲೆ ಜನ ಸತ್ತರು. ಬಾಗಿಲಿಗೆ ಬೀಗ ಹಾಕಿ, ಮತ್ತೆ ಬರುತ್ತೇವೆಂದು ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟವರಿಗೆ ‘ಎಲ್ಲವೂ ಅನಿತ್ಯ’ ಎಂಬುದನ್ನು ಯಾವ ಗುರುವೂ ಬೋಧಿಸಬೇಕಾಗಲಿಲ್ಲ.

ಹೊಸ ದೇಶವಾದ ಪಾಕಿಸ್ತಾನದ ಎರಡು ತುಂಡುಗಳ ನಡುವೆ ಸುಮಾರು 1,600 ಕಿಲೋಮೀಟರ್ ದೂರ. ತಲೆಯೆಣಿಕೆಯಲ್ಲಿ ಬಂಗಾಳಿಗಳೇ ಹೆಚ್ಚು. ಆದರೂ 1948ರ ಮಾರ್ಚ್ 21ರಂದು ಢಾಕಾದ ರಮ್ನಾ ಮೈದಾನದಲ್ಲಿ ನಿಂತು, ರಾಷ್ಟ್ರಭಾಷೆ ಉರ್ದು, ಇನ್ನಾವುದೂ ಅಲ್ಲ ಎಂದು ಜಿನ್ನಾ ಸಾರಿದರು. ಅಷ್ಟು ದೊಡ್ಡ ಜನಸ್ತೋಮವನ್ನು ಏಕವಚನದಲ್ಲಿ ಮಾತಾಡಿಸಿದ ಹಾಗಾಯಿತು. ಆರು ತಿಂಗಳೊಳಗೆ ಜಿನ್ನಾ ತೀರಿಕೊಂಡರು. ಆಡಿದ ಮಾತು ಉಳಿದು, 1952ರ ಫೆಬ್ರವರಿ 21ರಂದು ಭಾಷೆಗಾಗಿ ಬೀದಿಗಿಳಿದ ಹುಡುಗರ ಎದೆಗೆ ಗುಂಡಾಗಿ ಬಂತು. 1954ರಲ್ಲಿ, ಲಾಹೋರಿನ ನಿರ್ಣಯ ಮಂಡಿಸಿದ ಹಕ್ಕರಿಗೇ ದ್ರೋಹಿಯೆಂಬ ಪಟ್ಟ ಸಿಕ್ಕಿತು. ಅದೇ ರಮ್ನಾದಲ್ಲಿ, 1971ರ ಮಾರ್ಚ್ 7ರಂದು ಬಂಗಾಳಿಗಳ ನಾಯಕ ಮುಜೀಬುರ್ ರಹಮಾನ್ ಬಿಡುಗಡೆಯ ಕರೆ ಕೊಟ್ಟರು. ಹುಡುಗನಾಗಿದ್ದಾಗ ಅವರೂ ಲೀಗಿನ ಕಾರ್ಯಕರ್ತ, ಪಾಕಿಸ್ತಾನಕ್ಕಾಗಿ ಓಡಾಡಿದವರು. ಡಿಸೆಂಬರ್ 16ರಂದು ಪಾಕಿಸ್ತಾನದ ಸೇನೆ ಶರಣಾಗತಿಗೆ ಸಹಿ ಹಾಕಿದ್ದೂ ಆ ಮೈದಾನದಲ್ಲೇ. ಪಕ್ಕದಲ್ಲೇ ಶಾಹ್‌ಬಾಗ್. ಒಂದು ಕನಸು ಹುಟ್ಟಿದ ತೋಟಕ್ಕೂ ಅದು ಒಡೆದ ಬಯಲಿಗೂ ನಡುವೆ ಅರವತ್ತೈದು ವರ್ಷ, ನಡೆದರೆ ಕೆಲವೇ ನಿಮಿಷ.

ಗಡಿಯ ಈಚೆ ಕೂತು ಇದನ್ನು ಓದುವಾಗ ‘ಆಗಬೇಕಾದ್ದೇ ಆಯಿತು’ ಎಂಬ ಸಣ್ಣ ಖುಷಿ ಮನಸ್ಸಿನಲ್ಲಿ ಇಣುಕುವುದುಂಟು. ಆ ಖುಷಿಗೂ ಆಯುಷ್ಯವಿಲ್ಲ. 2024ರ ಆಗಸ್ಟಿನಲ್ಲಿ ಢಾಕಾದ ಜನ ಮುಜೀಬರ ಪ್ರತಿಮೆಗಳನ್ನೂ ಉರುಳಿಸಿದರು. ಅನಿತ್ಯಕ್ಕೆ ಪಕ್ಷವಿಲ್ಲ. ನಮ್ಮ ಧ್ವಜಕಂಬಗಳನ್ನು ಅದು ಕಂಡಿಲ್ಲವೆಂದೇನೂ ಅಲ್ಲ.

ಅನಿತ್ಯವೆಂದರೆ ಎಲ್ಲವೂ ಅಳಿಯುವುದು ಎಂದುಕೊಂಡಿದ್ದೆ. ಈ ಕತೆ ಇನ್ನೊಂದನ್ನು ತೋರಿಸಿತು: ಹಟದಿಂದ ಅಳಿಸಿದ್ದೂ ಅಳಿದಂತೆಯೇ ಇರುವುದಿಲ್ಲ. ಕಿತ್ತೆಸೆದ ‘ಗಳು’ ಇಪ್ಪತ್ತೈದು ವರ್ಷ ಕಾದು, ರಕ್ತದಲ್ಲಿ ತೊಯ್ದು ಮರಳಿ ಬಂತು. ಎಣಿಕೆಯಲ್ಲಿ ಕಡಿಮೆಯಾದೇವೆಂಬ ದಿಗಿಲಿಗೆ ಮನೆ ಕಟ್ಟಿಕೊಂಡವರು, ಎಣಿಕೆಯಲ್ಲಿ ಹೆಚ್ಚಿದ್ದವರಿಗೇ ಆ ಮನೆಯಲ್ಲಿ ಜಾಗ ಕಡಿಮೆ ಮಾಡಿದರು. ಗೋಡೆ ಬದಲಾಯಿತು, ದಿಗಿಲು ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು. ಅದನ್ನು ಕಳೆಯಲು ಬೇಕಿದ್ದುದು ಪಕ್ಕದವನನ್ನು ‘ನೀವು’ ಎನ್ನುವಷ್ಟು ತಾಳ್ಮೆ. ಅದನ್ನು ಯಾವ ನಿರ್ಣಯವೂ ಒಂದೇ ಸಲಕ್ಕೆ ಮಂಜೂರು ಮಾಡಲಾರದು. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು.

ರಮ್ನಾ ಮೈದಾನಕ್ಕೆ ಈಗ ಸುಹ್ರಾವರ್ದಿಯವರ ಹೆಸರು. ಅದರ ಅಂಚಿನಲ್ಲಿ ಮೂವರು ನಾಯಕರ ಸಮಾಧಿಗಳಿವೆ. ಬಹುವಚನದ ನಿರ್ಣಯ ಮಂಡಿಸಿದ ಹಕ್, ಅದನ್ನು ಏಕವಚನ ಮಾಡಿದ ಸುಹ್ರಾವರ್ದಿ, 1952ರಲ್ಲಿ ಪ್ರಧಾನಿಯಾಗಿ ಉರ್ದುವೊಂದೇ ಎಂದ ನಾಜಿಮುದ್ದೀನ್. ಬದುಕಿದ್ದಾಗ ಒಂದು ಪ್ರತ್ಯಯಕ್ಕೆ ಒಮ್ಮತ ಕಾಣದ ಮೂವರೂ ಒಂದೇ ಕಮಾನಿನ ಕೆಳಗೆ ಮಲಗಿದ್ದಾರೆ. ಅವನ್ನು ‘ಗೋರಿ’ ಎನ್ನಲಾಗದು, ‘ಗೋರಿಗಳು’ ಎನ್ನಬೇಕು.